ಫ್ಲಿಂಡರ್ಸ್ ಬೆಟ್ಟಗಳಿಗೆ ಫೋರ್ ವೀಲ್ ಡ್ರೈವ್ ಬೇಕೇ ಬೇಕೇ?

ಪ್ರಶ್ನೆ: ನಾವು ಅಡಿಲೇಡ್‌ನಲ್ಲಿದ್ದೇವೆ. ಮೂರು ಮತ್ತು ಏಳು ವರ್ಷದ ಮಕ್ಕಳು, ಒಂದು ಸಾಮಾನ್ಯ ಕಾರು. ಫೋರ್ ವೀಲ್ ಡ್ರೈವ್ ಇಲ್ಲದೆ ಫ್ಲಿಂಡರ್ಸ್ ರೇಂಜಸ್ ನೋಡಲಾಗದು ಎನ್ನುತ್ತಾರೆ. ನಿಜವೇ?

ನಿಜವಲ್ಲ. ಪ್ರತಿ ಶಾಲಾ ರಜೆಗೆ ಮುಂಚೆ ಇದೇ ಪ್ರಶ್ನೆ ಬರುತ್ತದೆ, ಇದೇ ಉತ್ತರ ಬರೆಯುತ್ತೇನೆ. ಅಷ್ಟರಲ್ಲಿ ಯಾರೋ ಹೆದರಿಸಿ, ಇನ್ನೊಂದು ಸಂಸಾರ ದುಬಾರಿ ಗಾಡಿ ಬಾಡಿಗೆಗೆ ಹಿಡಿದಿರುತ್ತದೆ, ಇಲ್ಲವೇ ಪ್ರವಾಸವನ್ನೇ ಕೈಬಿಟ್ಟಿರುತ್ತದೆ. ನನಗೆ ಬೇಸರ ತರಿಸುವುದು ಈ ಎರಡನೆಯದು.

ಅಡಿಲೇಡ್‌ನಿಂದ ಈ ಬೆಟ್ಟಗಳ ಮುಖ್ಯ ಪ್ರವಾಸಿ ತಾಣ ವಿಲ್ಪೀನಾಗೆ ಸುಮಾರು 430 ಕಿಲೋಮೀಟರ್. ಕ್ವಾರ್ನ್, ಹಾಕರ್ ಊರುಗಳನ್ನು ದಾಟಿ ವಿಲ್ಪೀನಾ ತಲುಪುವವರೆಗೂ ಡಾಂಬರು ರಸ್ತೆ. ಅಲ್ಲಿಂದ ಉತ್ತರಕ್ಕೆ ಬ್ಲಿನ್‌ಮನ್ ಊರಿನ ತನಕವೂ ಡಾಂಬರೇ. ಹಾಗಾದರೆ ಈ ಮಾತು ಹುಟ್ಟಿದ್ದೆಲ್ಲಿ? ಬ್ರಾಕೈನಾ ಮತ್ತು ಬನ್ಯರೂ ಕಣಿವೆಗಳ ಜಲ್ಲಿ ದಾರಿಗಳಲ್ಲಿ. ಧೂಳೆಬ್ಬಿಸುವ ಗಾಡಿಗಳ ಚಿತ್ರಗಳೆಲ್ಲ ಅಲ್ಲಿಯವು. ಆ ದಾರಿಗಳು ಅಲ್ಲಲ್ಲಿ ಹಳ್ಳದ ಪಾತ್ರಕ್ಕೇ ಇಳಿಯುತ್ತವೆ. ಒಣ ಹವೆಯಲ್ಲಿ ನಿಧಾನವಾಗಿ ಓಡಿಸಿದರೆ ಸಾಮಾನ್ಯ ಕಾರುಗಳೂ ಹೋಗಿ ಬರುತ್ತವೆ. ಜೋರು ಮಳೆಯಾದರೆ ದಾರಿಯನ್ನೇ ಮುಚ್ಚುತ್ತಾರೆ. ಆಗ ಗಾಡಿ ಯಾವುದಾದರೇನು? ಹೊರಡುವ ಮುನ್ನ ವಿಲ್ಪೀನಾದ ಮಾಹಿತಿ ಕೇಂದ್ರದಲ್ಲಿ ವಿಚಾರಿಸಿ. ಬಾಡಿಗೆ ಕಾರಾದರೆ ಕರಾರುಪತ್ರ ಓದಿ, ಡಾಂಬರಿಲ್ಲದ ರಸ್ತೆಗೆ ವಿಮೆ ಇಲ್ಲವೆಂದು ಬರೆದಿರುವುದು ಸಾಮಾನ್ಯ.

ಈ ಗಾಡಿಯ ಚಿಂತೆಯಲ್ಲಿ ಜನ ನಿಜವಾದ ಅಪಾಯಗಳನ್ನು ಮರೆಯುತ್ತಾರೆ ಎಂಬುದೇ ನನ್ನ ತಕರಾರು. ಮುಸ್ಸಂಜೆಯಲ್ಲಿ ಕಾಂಗರೂ, ಎಮುಗಳು ನುಣುಪಾದ ಡಾಂಬರು ರಸ್ತೆಗೇ ನುಗ್ಗುತ್ತವೆ. ಬೆಳಿಗ್ಗೆ ಬೇಗ ಹೊರಟು ಬೆಳಕಿರುವಾಗಲೇ ತಲುಪಿ. ಡಿಸೆಂಬರ್, ಜನವರಿ ಬೇಡವೇ ಬೇಡ, 40 ಡಿಗ್ರಿ ದಾಟುವ ಬಿಸಿಲು ಮೂರು ವರ್ಷದ ಮಗುವಿಗೆ ಆಗುವಂಥದ್ದಲ್ಲ. ಏಪ್ರಿಲ್, ಜುಲೈ ಅಥವಾ ಸೆಪ್ಟೆಂಬರ್ ಕೊನೆಯ ರಜೆ ಸರಿ. ಜುಲೈ ರಾತ್ರಿಗಳಲ್ಲಿ ಕೊರೆಯುವ ಚಳಿ, ಸ್ವೆಟರ್ ಮರೆಯಬೇಡಿ. ನೀರು ಧಾರಾಳವಾಗಿ ಇಟ್ಟುಕೊಳ್ಳಿ. ಹಾಕರ್ ದಾಟಿದ ಮೇಲೆ ಬಹಳ ಕಡೆ ಮೊಬೈಲ್ ಸಿಗುವುದಿಲ್ಲ.

ಮಕ್ಕಳಿಗೆ ವಿಲ್ಪೀನಾ ಹಳ್ಳದ ಗುಂಟ ನಡೆಯುವ ದಾರಿಯೇ ಸಾಕು. ರೆಡ್ ಗಮ್ ಮರಗಳ ಬುಡದಲ್ಲಿ ಮಗು ಹೊಕ್ಕು ಕೂರಬಹುದಾದ ಪೊಟರೆಗಳಿವೆ. ಏಳು ವರ್ಷದವನಿಗೆ ಹುರುಪಿದ್ದರೆ ಹಿಲ್ ಕುಟುಂಬದ ಹಳೆಯ ಮನೆಯವರೆಗೆ ನಡೆಸಿ. ಕಳೆದ ಶತಮಾನದ ಆರಂಭದಲ್ಲಿ ಅವರು ಅಲ್ಲಿ ಗೋಧಿ ಬೆಳೆಯಲು ಹೆಣಗಿದ್ದರು, 1914ರ ಪ್ರವಾಹ ಅವರ ದಾರಿಯನ್ನೇ ಕೊಚ್ಚಿಕೊಂಡು ಹೋಯಿತು. 1,171 ಮೀಟರ್ ಎತ್ತರದ ಸೇಂಟ್ ಮೇರಿ ಶಿಖರದ ತುದಿ ಏರಬೇಡಿರೆಂದು ಈ ನೆಲದ ಮೂಲನಿವಾಸಿಗಳಾದ ಅದ್ನ್ಯಮಥನ್ಹ ಜನ ಕೇಳಿಕೊಂಡಿದ್ದಾರೆ. ಅದನ್ನು ಮಕ್ಕಳಿಗೂ ಹೇಳಿ, ಕೆಳಗಿನಿಂದಲೇ ನೋಡಿ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಸುತ್ತ ಬೆಟ್ಟದ ಗೋಡೆಯಿರುವ ವಿಲ್ಪೀನಾ ಪೌಂಡ್ ಎಂಬ ಬಯಲಿನ ಬಾಣಲೆಯಾಕಾರ ಕಂಡು ಇದು ಜ್ವಾಲಾಮುಖಿಯ ಬಾಯಿ ಅಥವಾ ಉಲ್ಕೆ ಬಿದ್ದ ಕುಳಿ ಎಂದು ಮಕ್ಕಳಿಗೆ ಹೇಳುವ ಅಪ್ಪಂದಿರಿದ್ದಾರೆ. ಎರಡೂ ಅಲ್ಲ. ಸಮುದ್ರತಳದಲ್ಲಿ ಪದರ ಪದರವಾಗಿ ಕೂತ ಕಲ್ಲುಗಳು ಭೂಮಿಯ ಒತ್ತಡಕ್ಕೆ ಮಡಚಿ ಕೆಳಕ್ಕೆ ಬಾಗಿದವು. ಸುತ್ತಲಿನ ಮೆದು ಕಲ್ಲು ಕೋಟ್ಯಂತರ ವರ್ಷಗಳಲ್ಲಿ ಸವೆದುಹೋಯಿತು, ಗಟ್ಟಿ ಕ್ವಾರ್ಟ್‌ಜೈಟ್ ಕಲ್ಲಿನ ಅಂಚು ಗೋಡೆಯಂತೆ ಉಳಿಯಿತು. ಉಲ್ಕೆಯೇ ಬೇಕೆಂದರೆ ಬನ್ಯರೂ ಕಣಿವೆಗೆ ಹೋಗಿ. ಸುಮಾರು 58 ಕೋಟಿ ವರ್ಷಗಳ ಹಿಂದೆ, ಪಶ್ಚಿಮಕ್ಕೆ ಸುಮಾರು 300 ಕಿಲೋಮೀಟರ್ ದೂರದ ಅಕ್ರಮನ್‌ನಲ್ಲಿ ಉಲ್ಕೆ ಅಪ್ಪಳಿಸಿತು. ಆಗ ಸಿಡಿದ ಕಲ್ಲಿನ ಚೂರುಗಳು ಇಲ್ಲಿಯ ಕೆಂಪು ಜೇಡಿಕಲ್ಲಿನ ನಡುವೆ ತೆಳು ಪಟ್ಟಿಯಾಗಿ ಕೂತಿವೆ. ಬ್ರಾಕೈನಾದ ಎನೊರಾಮಾ ಹಳ್ಳದಲ್ಲಿ ಬಂಡೆಗೆ ಹುಗಿದ ಒಂದು ಕಂಚಿನ ಬಿಲ್ಲೆಯಿದೆ. ಜಗತ್ತಿನ ಭೂವಿಜ್ಞಾನಿಗಳು ಭೂಮಿಯ ಇತಿಹಾಸದ ಎಡಿಯಾಕರನ್ ಎಂಬ ಯುಗದ ಆರಂಭವನ್ನು ಗುರುತಿಸುವುದು ಅಲ್ಲಿಂದ. 2004ರಲ್ಲಿ ಅದು ಮಾನ್ಯವಾಯಿತು. ಮೂರು ವರ್ಷದ ಮಗುವೂ ಬಗ್ಗಿ ಅದರ ಮೇಲೆ ಬೆರಳಿಡಬಹುದು.

ರಜೆಯ ವಾರಗಳಲ್ಲಿ ವಿಲ್ಪೀನಾ ಬೇಗ ತುಂಬುತ್ತದೆ. ಗಾಡಿ ಹುಡುಕುವುದನ್ನು ಬಿಟ್ಟು ಮೊದಲು ಕೋಣೆ ಕಾದಿರಿಸಿ.