ಜರ್ಮನಿಯ ಸೇಬಿನ ಗಿಡವನ್ನು ಐರ್ಲೆಂಡಿಗೆ ಒಯ್ಯಬಹುದಾ?

ಪ್ರಶ್ನೆ: ನಾವು ಜರ್ಮನಿಯಿಂದ ಡಬ್ಲಿನ್‌ಗೆ ಮನೆ ಬದಲಾಯಿಸುತ್ತಿದ್ದೇವೆ. ಬಾಲ್ಕನಿಯಲ್ಲಿ ಕುಂಡದ ಸೇಬಿನ ಗಿಡವಿದೆ. ನರ್ಸರಿಯವರು ಕೊಟ್ಟ ಪ್ಲಾಂಟ್ ಪಾಸ್‌ಪೋರ್ಟ್, ಅಂದರೆ ಗಿಡದ ಆರೋಗ್ಯ ದೃಢಪಡಿಸುವ ಅಧಿಕೃತ ಚೀಟಿಯೂ ಇದೆ. ಎರಡೂ ಯುರೋಪಿಯನ್ ಒಕ್ಕೂಟದ ದೇಶಗಳೇ ಅಲ್ವಾ? ಕಾರಿನಲ್ಲಿ ಇಟ್ಟುಕೊಂಡು ಹೋಗಬಹುದಾ?

ಉತ್ತರ: ಸೇಬಿನ ಗಿಡವಾದರೆ ಬೇಡ. ಜರ್ಮನಿಯಲ್ಲೇ ಯಾರಾದರೂ ಸ್ನೇಹಿತರಿಗೆ ಕೊಟ್ಟುಬಿಡಿ.

ಕಾರಣ ಫೈರ್ ಬ್ಲೈಟ್ ಎಂಬ ಬ್ಯಾಕ್ಟೀರಿಯಾ ರೋಗ. ಇದು ಬಂದರೆ ಹೂವು, ಚಿಗುರು ಬೆಂಕಿ ತಗುಲಿದಂತೆ ಕಪ್ಪಾಗುತ್ತವೆ, ರೆಂಬೆಯ ತುದಿ ಕೊಕ್ಕೆಯಂತೆ ಬಾಗುತ್ತದೆ. ಯುರೋಪಿನ ಬಹಳಷ್ಟು ಕಡೆ ಇದು ಬೇರೂರಿದೆ. ಆದರೆ ಐರ್ಲೆಂಡ್, ಗಾಲ್ವೇ ನಗರ ಒಂದನ್ನು ಬಿಟ್ಟು, ಇದರ ಮಟ್ಟಿಗೆ ‘ಸಂರಕ್ಷಿತ ವಲಯ’. ಅಂದರೆ ಒಕ್ಕೂಟದ ಬೇರೆ ಕಡೆ ಇರುವ ರೋಗ ಇಲ್ಲಿ ನೆಲೆಯೂರಿಲ್ಲ, ಹಾಗೇ ಇರಬೇಕು ಎಂದು ಕಾನೂನೇ ಗುರುತಿಸಿದ ಜಾಗ.

ಸೇಬು, ಪೇರ್, ಕ್ವಿನ್ಸ್, ಲೋಕ್ವಾಟ್, ಕೊಟೋನಿಯಾಸ್ಟರ್, ಪೈರಾಕಾಂತಾ, ಹಾಥಾರ್ನ್ ಎಲ್ಲವೂ ಈ ರೋಗಕ್ಕೆ ತುತ್ತಾಗುವ ಗಿಡಗಳು. ಹಣ್ಣು, ಬೀಜಕ್ಕೆ ಈ ನಿರ್ಬಂಧ ಇಲ್ಲ. ದಾರಿಗೆ ಒಂದು ಚೀಲ ಸೇಬು ಒಯ್ದರೆ ಯಾರೂ ಕೇಳುವುದಿಲ್ಲ!

ನಿಮ್ಮ ಚೀಟಿ ಸುಳ್ಳಲ್ಲ, ಆದರೆ ಇಲ್ಲಿಗೆ ಸಾಲದು. ಸಂರಕ್ಷಿತ ವಲಯಕ್ಕೆ ಹೋಗುವ ಗಿಡದ ಪಾಸ್‌ಪೋರ್ಟ್ ಮೇಲೆ ‘ಪಿಝಡ್’ (PZ, ಪ್ರೊಟೆಕ್ಟೆಡ್ ಝೋನ್ ಅಂದರೆ ಸಂರಕ್ಷಿತ ವಲಯ) ಎಂಬ ಅಕ್ಷರಗಳೂ, ಯಾವ ರೋಗಕ್ಕಾಗಿ ಈ ಚೀಟಿ ಎಂಬ ಹೆಸರು ಅಥವಾ ಕೋಡೂ ಇರಬೇಕು. ಅದು ಸುಮ್ನೆ ಸಿಗುವುದಿಲ್ಲ. ಗಿಡ ಇನ್ನೊಂದು ಸಂರಕ್ಷಿತ ವಲಯದಲ್ಲಿ ಬೆಳೆದಿರಬೇಕು. ಇಲ್ಲವೇ ಅಧಿಕಾರಿಗಳು ಗುರುತಿಸಿ ತಪಾಸಣೆ ಮಾಡುವ, ಕನಿಷ್ಠ 50 ಚದರ ಕಿಲೋಮೀಟರ್‌ನ ರಕ್ಷಣಾ ಪ್ರದೇಶದೊಳಗಿನ ಹೊಲದಲ್ಲಿ ತಿಂಗಳುಗಟ್ಟಲೆ ಇದ್ದಿರಬೇಕು. ಬಾಲ್ಕನಿ ಗಿಡಕ್ಕೆ ಇದೆಲ್ಲ ಎಲ್ಲಿಂದ ಬರಬೇಕು? ‘ಎಲೆ ಹಸಿರಾಗಿದೆ, ರೋಗವೇ ಇಲ್ಲ’ ಅಂದರೂ ಒಪ್ಪುವಂತಿಲ್ಲ. ಈ ಬ್ಯಾಕ್ಟೀರಿಯಾ ಲಕ್ಷಣ ತೋರಿಸದೆ ಗಿಡದೊಳಗೆ ಅಡಗಿರಬಲ್ಲದು.

‘ಮನೆ ತೋಟದವರಿಗೆ ವಿನಾಯಿತಿ ಇದೆಯಂತೆ’ ಎಂದು ಕೆಲವರು ಹೇಳುತ್ತಾರೆ. ಅದು ಅರ್ಧ ನಿಜ. 2019ರ ಡಿಸೆಂಬರ್ 14ರಿಂದ ಜಾರಿಯಲ್ಲಿರುವ ಒಕ್ಕೂಟದ ಸಸ್ಯ ಆರೋಗ್ಯ ಕಾನೂನಿನಲ್ಲಿ, ಅಂಗಡಿಗೆ ಹೋಗಿ ತಮ್ಮ ತೋಟಕ್ಕೆ ಗಿಡ ಕೊಳ್ಳುವವರಿಗೆ ಮಾಮೂಲಿ ಪಾಸ್‌ಪೋರ್ಟ್ ಬೇಡ. ಆನ್‌ಲೈನ್‌ನಲ್ಲಿ ತರಿಸಿದರೆ ಬೇಕು. ಸಂರಕ್ಷಿತ ವಲಯದ ಪಾಸ್‌ಪೋರ್ಟ್ ಬೇಕಿರುವ ಗಿಡಕ್ಕೂ ಆ ವಿನಾಯಿತಿ ಸಾಮಾನ್ಯವಾಗಿ ಸಿಗುವುದಿಲ್ಲ. ಗಿಡ ಎಲ್ಲಿಂದ ಹೊರಟಿತು ಎನ್ನುವುದಕ್ಕಿಂತ ಎಲ್ಲಿ ಇಳಿಯುತ್ತದೆ ಎನ್ನುವುದನ್ನು ನೋಡಿಕೊಳ್ಳಬೇಕು. ಅದೇ ಗಿಡ ನೆದರ್ಲೆಂಡ್ಸ್‌ಗೆ ಹೋಗುವುದಾದರೆ ಈ ತಕರಾರು ಏಳುತ್ತಿರಲಿಲ್ಲ.

ಈ ನಿಯಮ ಜೇನುಗೂಡಿಗೂ ಅನ್ವಯಿಸುತ್ತದೆ ಅಂದರೆ ನಂಬುತ್ತೀರಾ? ರೋಗದ ಅಂಟು ಹೂವಿನಿಂದ ಹೂವಿಗೆ ಹೋಗುವುದು ಜೇನುನೊಣದ ಮೂಲಕವೂ ಹೌದು. ಹಾಗಾಗಿ ಮಾರ್ಚ್ 15ರಿಂದ ಜೂನ್ 30ರ ನಡುವೆ ಈ ವಲಯಗಳಿಗೆ ಜೇನುಪೆಟ್ಟಿಗೆ ಸಾಗಿಸಬೇಕಾದರೆ ದಾಖಲೆ ತೋರಿಸಬೇಕು.

ಬೇರೆ ಗಿಡಗಳಿದ್ದರೆ ಹೊರಡುವ ಮುನ್ನ ಅವುಗಳ ಪಟ್ಟಿಯನ್ನು ಐರ್ಲೆಂಡಿನ ಕೃಷಿ ಇಲಾಖೆಗೆ ಕಳಿಸಿ ಕೇಳಿ. ಸೇಬಿನ ಗಿಡ ಬೇಕೇಬೇಕು ಅನಿಸಿದರೆ ಡಬ್ಲಿನ್‌ನ ನರ್ಸರಿಯಲ್ಲೇ ಕೊಳ್ಳಿ, ಚೀಟಿಯಲ್ಲಿ ಆ ‘ಪಿಝಡ್’ ಇದೆಯಾ ನೋಡಿಕೊಳ್ಳಿ.