ಕಣ್ಣಿಗೆ ಕಾಣದ ಮನಸ್ಸು ವಿಜ್ಞಾನಕ್ಕೆ ಸಿಕ್ಕಿದ್ದು ಹೇಗೆ?

ಪ್ರಶ್ನೆ: ಮನಸ್ಸು ಕಣ್ಣಿಗೆ ಕಾಣುವುದಿಲ್ಲ, ಕೈಗೆ ಸಿಗುವುದಿಲ್ಲ. ಮತ್ತೆ ಮನೋವಿಜ್ಞಾನವನ್ನು ವಿಜ್ಞಾನ ಅಂತ ಯಾಕೆ ಕರೆಯುತ್ತಾರೆ? ಫ್ರಾಯ್ಡ್ ಒಂದು ಹೇಳಿದರೆ ಸ್ಕಿನ್ನರ್ ಇನ್ನೊಂದು ಹೇಳುತ್ತಾರೆ. ಯಾರನ್ನು ನಂಬುವುದು?

ಉತ್ತರ: ಮನಸ್ಸು ಕಾಣುವುದಿಲ್ಲ, ನಿಜ. ಆದರೆ ಅದರ ಕೆಲಸಕ್ಕೆ ಸಮಯ ಹಿಡಿಯುತ್ತದೆ. ಸಮಯವನ್ನು ಅಳೆಯಬಹುದು, ಅಲ್ವಾ? ದಾರಿ ತೆರೆದುಕೊಂಡಿದ್ದೇ ಅಲ್ಲಿ.

ನರದಲ್ಲಿ ಸಂದೇಶ ಹರಿಯುವ ವೇಗವನ್ನು ಅಳೆಯಲು ಆಗುವುದೇ ಇಲ್ಲ ಅಂತ ಒಂದು ಕಾಲಕ್ಕೆ ದೊಡ್ಡ ವಿಜ್ಞಾನಿಗಳೇ ನಂಬಿದ್ದರು. 1850ರಲ್ಲಿ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ನರಕ್ಕೆ ಒಮ್ಮೆ ಸ್ನಾಯುವಿನ ಹತ್ತಿರ, ಒಮ್ಮೆ ದೂರದಲ್ಲಿ ವಿದ್ಯುತ್ ಕೊಟ್ಟರು. ಸ್ನಾಯು ಸೆಟೆಯುವುದು ಎಷ್ಟು ತಡವಾಯಿತು ಅಂತ ನೋಡಿದರು. ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 27 ಮೀಟರ್! ಶಬ್ದದ ವೇಗಕ್ಕಿಂತ ಎಷ್ಟೋ ಕಡಿಮೆ.

ಮುಂದಿನ ಹೆಜ್ಜೆ ಇನ್ನೂ ಸೊಗಸು. 1860ರ ದಶಕದಲ್ಲಿ ನೆದರ್ಲೆಂಡ್ಸ್‌ನ ಡಾಂಡರ್ಸ್ ಜನರ ಪಾದಕ್ಕೆ ಸಣ್ಣ ಶಾಕ್ ಕೊಟ್ಟು ಪರೀಕ್ಷಿಸಿದರು. ಎಡಗಾಲಿಗೆ ತಗುಲಿದರೆ ಎಡಗೈ, ಬಲಗಾಲಿಗೆ ತಗುಲಿದರೆ ಬಲಗೈ ಆಡಿಸಬೇಕು. ಯಾವ ಕಾಲಿಗೆ ಅಂತ ಮೊದಲೇ ಗೊತ್ತಿದ್ದರೆ ಕೈ ಬೇಗ ಆಡುತ್ತಿತ್ತು. ಗೊತ್ತಿಲ್ಲದಿದ್ದರೆ ಸುಮಾರು 1/15 ಸೆಕೆಂಡ್ ಜಾಸ್ತಿ ಹಿಡಿಯುತ್ತಿತ್ತು. ಕಾಲು ಅದೇ, ಕೈ ಅದೇ, ಶಾಕ್ ಕೂಡ ಅದೇ. ಹಾಗಾದರೆ ಆ 1/15 ಸೆಕೆಂಡ್ ಎಡವೋ ಬಲವೋ ಅಂತ ತೀರ್ಮಾನಿಸಲು ಹಿಡಿದ ಸಮಯ. ಒಂದು ಯೋಚನೆಯ ಉದ್ದ ಮೊದಲ ಸಲ ಅಂಕಿಯಲ್ಲಿ ಸಿಕ್ಕಿತ್ತು! ಇಂಥ ಕಳೆಯುವ ಲೆಕ್ಕ ಎಲ್ಲ ಕಡೆ ಸರಿಹೋಗುವುದಿಲ್ಲ ಅಂತ ಆಮೇಲೆ ಟೀಕೆ ಬಂತು, ಟೀಕೆ ನ್ಯಾಯವಾದದ್ದೇ. ಆದರೂ ಮನೋವಿಜ್ಞಾನದ ಪ್ರಯೋಗಗಳಲ್ಲಿ ಇವತ್ತಿಗೂ ಸೆಕೆಂಡಿನ ಚೂರುಗಳನ್ನು ಎಣಿಸುತ್ತಲೇ ಇದ್ದಾರೆ.

ಹೆಲ್ಮ್‌ಹೋಲ್ಟ್ಸ್ ಅವರ ಸಹಾಯಕರಾಗಿದ್ದ ವಿಲ್‌ಹೆಲ್ಮ್ ವುಂಟ್ 1879ರಲ್ಲಿ ಲೈಪ್‌ಜಿಗ್‌ನಲ್ಲಿ ಪ್ರಯೋಗಾಲಯ ತೆರೆದರು. ಮನೋವಿಜ್ಞಾನದ ಹುಟ್ಟಿದ ವರ್ಷ ಅಂತ ಪಠ್ಯಪುಸ್ತಕಗಳು ಹೇಳುವುದು ಇದನ್ನೇ. ಅಲ್ಲಿ ಗಡಿಯಾರದ ಜೊತೆಗೆ ಇನ್ನೊಂದು ವಿಧಾನವೂ ಇತ್ತು: ತರಬೇತಿ ಪಡೆದವರು ತಮ್ಮ ಅನುಭವವನ್ನು ತಾವೇ ಗಮನಿಸಿ ವರದಿ ಮಾಡುವುದು. ತೊಡಕು ಹುಟ್ಟಿದ್ದು ಇಲ್ಲೇ. ಒಬ್ಬರ ವರದಿಗೂ ಇನ್ನೊಬ್ಬರ ವರದಿಗೂ ತಾಳೆಯಾಗದಿದ್ದರೆ ಯಾರು ಸರಿ? ಹೊರಗಿನವರು ಒಳಗೆ ಇಣುಕಿ ನೋಡಲು ಆಗುವುದಿಲ್ಲವಲ್ಲ.

ಹಾಗಾಗಿ 1913ರಲ್ಲಿ ಅಮೆರಿಕದ ವಾಟ್ಸನ್ ಒಳಗಿನ ಮಾತೇ ಬೇಡ, ಹೊರಗೆ ಕಾಣುವ ವರ್ತನೆಯನ್ನಷ್ಟೇ ನೋಡೋಣ ಅಂದರು. ವರ್ತನಾವಾದ ಅನ್ನುವುದು ಇದಕ್ಕೇ. ಸ್ಕಿನ್ನರ್ ಅದನ್ನು ಮುಂದೆ ಬೆಳೆಸಿದರು. ಆದರೆ ಅದರ ಬುಡ ಅಲ್ಲಾಡಿಸಿದ್ದು ಇಲಿಗಳೇ! ಟೋಲ್‌ಮನ್ ಮತ್ತು ಹಾನ್ಜಿಕ್ 1930ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ಇಲಿಗಳು ಹತ್ತು ದಿನ ಚಕ್ರವ್ಯೂಹದಂಥ ದಾರಿಯಲ್ಲಿ ಸುಮ್ನೆ ಓಡಾಡಿದವು. ಬಹುಮಾನವಾಗಿ ಒಂದು ತುತ್ತೂ ಇಲ್ಲ. 11ನೇ ದಿನದಿಂದ ಕೊನೆಯಲ್ಲಿ ಆಹಾರ ಇಟ್ಟರು. ಆಮೇಲೆ ಅವುಗಳ ತಪ್ಪುಗಳು ಥಟ್ಟನೆ ಇಳಿದು, ಮೊದಲ ದಿನದಿಂದಲೇ ಆಹಾರ ಸಿಗುತ್ತಿದ್ದ ಇಲಿಗಳ ಸಮಕ್ಕೆ ಬಂದುಬಿಟ್ಟವು. ಅಂದರೆ ದಾರಿಯನ್ನು ಅವು ಮೊದಲೇ ಕಲಿತಿದ್ದವು, ತೋರಿಸಿರಲಿಲ್ಲ ಅಷ್ಟೇ. ತಲೆಯೊಳಗೆ ಏನೋ ಇದೆ ಅಂತ ಒಪ್ಪದೆ ಇದನ್ನು ವಿವರಿಸುವುದು ಕಷ್ಟ. ನೆನಪು, ಗಮನ, ಭಾಷೆಯನ್ನು ಅಧ್ಯಯನ ಮಾಡುವ ಅರಿವಿನ ಮನೋವಿಜ್ಞಾನ 1950ರ ದಶಕದಲ್ಲಿ ತಲೆಯೆತ್ತಿತು.

ಫ್ರಾಯ್ಡ್ ಈ ಸಾಲಿಗೆ ಸೇರುವವರಲ್ಲ. ಅವರು ಪ್ರಯೋಗಾಲಯದವರಲ್ಲ, ರೋಗಿಗಳ ಮಾತು ಕೇಳಿದವರು. ಮನಸ್ಸಿನ ಬಹುಪಾಲು ನಮಗೇ ಗೊತ್ತಿಲ್ಲದೆ ನಡೆಯುತ್ತದೆ ಅನ್ನುವ ಅವರ ದೊಡ್ಡ ಮಾತು ಒಂದಲ್ಲ ಒಂದು ರೂಪದಲ್ಲಿ ಉಳಿದಿದೆ. ಆದರೆ ಅವರ ಎಷ್ಟೋ ವಿವರಣೆಗಳನ್ನು ತಪ್ಪು ಅಂತ ತೋರಿಸಲು ದಾರಿಯೇ ಇಲ್ಲ. ನನ್ನ ಮಟ್ಟಿಗೆ ಅದು ದೊಡ್ಡ ಕೊರತೆ. ಮನೋವಿಜ್ಞಾನದ ಇನ್ನೊಂದು ಪಂಥ, ಮಾಸ್ಲೊ, ರೋಜರ್ಸ್ ಅವರ ಮಾನವತಾವಾದ, ಮನುಷ್ಯನ ಬೆಳವಣಿಗೆಗೆ ಒತ್ತು ಕೊಟ್ಟಿತು. ಅದರ ಪ್ರಭಾವ ಆಪ್ತಸಮಾಲೋಚನೆಯಲ್ಲಿ ಜಾಸ್ತಿ.

ಯಾರನ್ನು ನಂಬುವುದು ಅಂದಿರಲ್ಲ, ಹೆಸರನ್ನು ಬಿಟ್ಟು ಪುರಾವೆ ನೋಡಿ. 2015ರಲ್ಲಿ ಸಂಶೋಧಕರ ದೊಡ್ಡ ಗುಂಪೊಂದು ಮನೋವಿಜ್ಞಾನದ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿತು. ಸುಮಾರು 36% ಮಾತ್ರ ಎರಡನೇ ಸಲವೂ ಸ್ಪಷ್ಟ ಫಲಿತಾಂಶ ಕೊಟ್ಟವು. ಬೇಸರದ ಅಂಕಿ, ಆದರೆ ಅದನ್ನು ಹೊರಗೆ ತಂದವರು ಮನೋವಿಜ್ಞಾನಿಗಳೇ. ಏನನ್ನು ಅಳೆಯುತ್ತೇವೆ, ಹೇಗೆ ಲೆಕ್ಕ ಹಾಕುತ್ತೇವೆ ಅಂತ ಪ್ರಯೋಗಕ್ಕೂ ಮುಂಚೆಯೇ ಬರೆದು ನೋಂದಾಯಿಸುವವರು ಈಗ ಹೆಚ್ಚುತ್ತಿದ್ದಾರೆ. ಹೊಸ ಅಧ್ಯಯನದ ಸುದ್ದಿ ಓದಿದಾಗ ಹಾಗೆ ನೋಂದಾಯಿಸಿದ್ದರೇ, ಬೇರೆಯವರು ಮಾಡಿದಾಗಲೂ ಅದೇ ಫಲಿತಾಂಶ ಬಂತೇ ಅಂತ ಹುಡುಕಿ ನೋಡಿ.