ಪ್ರೋನೋಟು ಯಾವ ಸ್ಟೇಟಿನ ಕಾನೂನು? ಕಾಸರಗೋಡಿನವರ ಹಳೇ ಗೊಂದಲ

ನಮ್ಮ ಮಂಜೇಶ್ವರ, ಕುಂಬಳೆ ಕಡೆ ಕೈಸಾಲ ಅಂದ್ರೆ ಇವತ್ತಿಗೂ ಪ್ರೋನೋಟು, ಅಂದ್ರೆ ಇಷ್ಟು ದುಡ್ಡು ಕೊಡ್ತೇನೆ ಅಂತ ಸಾಲಗಾರ ಸೈನ್ ಹಾಕಿ ಕೊಡುವ ಪತ್ರ, ಉಂಟು. ಅಡಿಕೆ ಮಾರಿದ ಮೇಲೆ ಕೊಡ್ತೇನೆ ಅಂತ ಬಾಯಲ್ಲಿ ಹೇಳುದು, ಫಾರಂಗೆ ರೆವೆನ್ಯೂ ಸ್ಟಾಂಪು ಅಂಟಿಸಿ ಸೈನ್ ಹಾಕುದು, ಮುಗೀತು. ಆದ್ರೆ ಸಾಲ ತಗೊಂಡವ ಕೇರಳದಲ್ಲಿ, ಕೊಟ್ಟವ ಮಂಗಳೂರಲ್ಲಿ ಇದ್ರೆ ಯಾವ ಸ್ಟೇಟಿನ ಕಾನೂನು ಅನ್ನೋ ತಕರಾರು ಶುರು.

ನೋಟಿನ ಕಾನೂನು ಸ್ಟೇಟಿನದ್ದೇ ಅಲ್ಲ ಮಾರಾಯ್ರೆ. 1881ರ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟು, 1899ರ ಸ್ಟಾಂಪ್ ಆಕ್ಟು ಎರಡೂ ಬ್ರಿಟಿಷರ ಕಾಲದ್ದು, ಕಾಸರಗೋಡು ಮದ್ರಾಸಿನ ಕೆಳಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದಾಗಲೂ ಅದೇ, 1956 ನವೆಂಬರ್ 1ಕ್ಕೆ ಕೇರಳಕ್ಕೆ ಸೇರಿದ ಮೇಲೂ ಅದೇ. ಸಂವಿಧಾನ ಬಂದಾಗ ಪ್ರೋನೋಟಿನ ಸ್ಟಾಂಪು ದರವನ್ನೂ ಕೇಂದ್ರದ ಪಟ್ಟಿಗೇ ಹಾಕಿದ್ರು.

ಸ್ಟೇಟು ಬರುದು ಬಡ್ಡಿಗೆ ಕೊಡುವವನ ವಿಷಯದಲ್ಲಿ. 1938ರಲ್ಲೇ ಮದ್ರಾಸ್ ಸರ್ಕಾರ ರೈತರ ಸಾಲಕ್ಕೆ ರಿಲೀಫ್ ಕೊಡುವ ಕಾನೂನು ತಂದಿತ್ತು, ಆಮೇಲೆ ಕೇರಳ 1958ರಲ್ಲಿ, ಕರ್ನಾಟಕ 1961ರಲ್ಲಿ ಲೇವಾದೇವಿಗೆ ಲೈಸೆನ್ಸ್ ಕಡ್ಡಾಯ ಮಾಡಿದ್ವು. ಅಷ್ಟಕ್ಕೇ ಬಡ್ಡಿಯವರು ಬಗ್ಗಲಿಲ್ಲ, ಮೀಟರ್ ಬಡ್ಡಿ, ಅಂದ್ರೆ ವಿಪರೀತ ಬಡ್ಡಿ, ತಡೆಯಲಿಕ್ಕೆ ಕರ್ನಾಟಕ 2004ರಲ್ಲಿ, ಕೇರಳ 2012ರಲ್ಲಿ ಬೇರೆ ಕಾನೂನೇ ಮಾಡ್ಬೇಕಾಯ್ತು, 2014ರಲ್ಲಿ ಕೇರಳ ಪೊಲೀಸರು ಆಪರೇಷನ್ ಕುಬೇರ ಅಂತ ಬ್ಲೇಡ್ ಬಡ್ಡಿಯವರ (ಅಲ್ಲಿ ಇಂಥವರಿಗೆ ಇದೇ ಹೆಸರು) ಮೇಲೆ ರೇಡ್ ಮಾಡಿದ್ರು. ಸಾಲಗಾರ ಖಾಲಿ ನೋಟಿಗೆ ಸೈನ್ ಹಾಕಿ ಕೊಡುದೇ ಇವರ ದೊಡ್ಡ ಬಲ, ಯಾಕಂದ್ರೆ ಸ್ಟಾಂಪು ಹಚ್ಚಿ ಸೈನ್ ಮಾಡಿ ಖಾಲಿ ಬಿಟ್ಟು ಕೊಟ್ರೆ ಅದನ್ನು ತುಂಬಿಸುವ ಅಧಿಕಾರವನ್ನೂ ಕೊಟ್ಟ ಹಾಗೆ ಅಂತ 1881ರ ಆಕ್ಟಿನ 20ನೇ ಸೆಕ್ಷನ್ನೇ ಹೇಳ್ತದೆ.

ಸಾಲ ಕೊಟ್ಟವನೂ ಸಿಕ್ಕಿ ಬೀಳುದು ಸ್ಟಾಂಪಲ್ಲಿ. ಬೇರೆ ದಸ್ತಾವೇಜಿಗೆ ಸ್ಟಾಂಪು ಕಡಿಮೆಯಾದ್ರೆ ದಂಡ ಕಟ್ಟಿ ಸರಿ ಮಾಡ್ಬಹುದು, ಪ್ರೋನೋಟಿಗೆ ಆ ದಾರಿ ಇಲ್ಲ, ಸ್ಟಾಂಪ್ ಆಕ್ಟಿನ 35ನೇ ಸೆಕ್ಷನ್ ಪ್ರಕಾರ ಕೋರ್ಟು ಅದನ್ನು ಸಾಕ್ಷ್ಯಕ್ಕೇ ತಗೊಳ್ಳುದಿಲ್ಲ. ಹಚ್ಚಿದ ಸ್ಟಾಂಪಿನ ಮೇಲೆ ಸೈನ್ ದಾಟದೆ, ಬೇರೆ ರೀತಿಯಲ್ಲೂ ಅದನ್ನು ರದ್ದು ಮಾಡದೆ ಬಿಟ್ರೆ ಹಚ್ಚದ ಹಾಗೇ ಲೆಕ್ಕ. ಕೇಳಿದಾಗ ಕೊಡುವ ಡಿಮ್ಯಾಂಡ್ ನೋಟಿಗೆ ಡ್ಯೂಟಿ ಇನ್ನೂ ಪೈಸೆಯಲ್ಲೇ ಇರುದ್ರಿಂದ ಒಂದು ರೂಪಾಯಿ ಸ್ಟಾಂಪು ಧಾರಾಳ ಸಾಕು, ಆದ್ರೆ "ಆರು ತಿಂಗಳು ಬಿಟ್ಟು ಕೊಡ್ತೇನೆ" ಅಂತ ಬರೆದ್ರೆ ದರ ಬೇರೆ. ಸಾಕ್ಷಿ ಸೈನ್ ಕಡ್ಡಾಯ ಅಲ್ಲ. ತಮಾಷೆ ಅಂದ್ರೆ "ಅಥವಾ ಅವರ ಆದೇಶದಂತೆ" ಅನ್ನುವ ಮಾತಿಲ್ಲದ ನೋಟಿಗೆ ಸಾಕ್ಷಿ ಹಾಕಿಸಿದ್ರೆ ಅದು ಪ್ರೋನೋಟಲ್ಲ, ಬಾಂಡ್ ಅಂತ ವಾದ ಮಾಡ್ಲಿಕ್ಕೆ ಬರ್ತದೆ, ಬಾಂಡಿಗೆ ದಂಡ ಕಟ್ಟಿ ಬಚಾವಾಗುವ ದಾರಿ ಉಂಟಲ್ಲ.

ಕನ್ನಡದಲ್ಲಿ ಬರೆದ್ರೂ ಮಲಯಾಳದಲ್ಲಿ ಬರೆದ್ರೂ ನಡೀತದೆ. ಡಿಮ್ಯಾಂಡ್ ನೋಟಿಗೆ ಕೇಸು ಹಾಕ್ಲಿಕ್ಕೆ ನೋಟಿನ ತಾರೀಕಿನಿಂದ 3 ವರ್ಷ ಟೈಮು, ಅದರೊಳಗೆ ಸಾಲಗಾರ ಸ್ವಲ್ಪ ಕಟ್ಟಿ ನೋಟಿನ ಹಿಂದೆ ಬರೆದು ಸೈನ್ ಹಾಕಿದ್ರೆ ಅಲ್ಲಿಂದ ಮತ್ತೆ 3 ವರ್ಷ.